ತಾರಸಿ ಮನೆಗೆ ಎಷ್ಟು ಅಂಕಣ ಸಾಕು?

ಶೃಂಗೇರಿಯಿಂದ ಕಿಗ್ಗಕ್ಕೆ ಹೋಗಿ, ಅಲ್ಲಿಂದ ಇನ್ನಷ್ಟು ಮುಂದೆ ಕಾಡಿನ ದಾರಿ ಹಿಡಿದರೆ ಸಿರಿಮನೆ ಸಿಗುತ್ತದೆ. ಹೊರಗಿನವರಿಗೆ ಅದು ಜಲಪಾತದ ಹೆಸರು. ಆದರೆ ಆ ಹೆಸರಿನಲ್ಲಿ ಸಿರಿಯೂ ಇದೆ, ಮನೆಯೂ ಇದೆ. ಸಿರಿ ಎಂದರೆ ದೊಡ್ಡ ಮನೆ ಎಂಬ ಭಾವನೆ ಈ ಸೀಮೆಯಲ್ಲಿ ಇನ್ನೂ ಹೋಗಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಹಳೆಯ ಹೆಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟಲು ಹೊರಟ ಅಡಿಕೆ ಬೆಳೆಗಾರನಿಗೆ ಮೊದಲು ಎದುರಾಗುವುದು ಇದೇ ಪ್ರಶ್ನೆ. ಹಳೆಯ ಮನೆಯಷ್ಟೇ ದೊಡ್ಡದನ್ನು ಕಟ್ಟುವುದೋ, ಮನೆಯಲ್ಲಿ ಉಳಿದಿರುವ ಇಬ್ಬರು ಮೂವರಿಗೆ ಸಾಕಾಗುವಷ್ಟನ್ನೋ? ‘ದೊಡ್ಡದೇ ಇರಲಿ, ಹಬ್ಬಕ್ಕೆ ಮಕ್ಕಳು ಬರುತ್ತಾರಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಆದರೆ ಹಳೆಯ ಮನೆ ಅಷ್ಟು ದೊಡ್ಡದಾಗಿದ್ದುದೇಕೆ ಎಂಬುದನ್ನು ಸಾಲದ ಅರ್ಜಿ ತುಂಬುವ ಮೊದಲು ಒಮ್ಮೆ ವಿಚಾರಿಸಿ ನೋಡಬೇಕು.

ಮಲೆನಾಡಿನ ತೊಟ್ಟಿ ಮನೆಯಲ್ಲಿ ಜನರ ವಾಸಕ್ಕೆಂದು ಇದ್ದ ಜಾಗ ಅಷ್ಟೇನೂ ಹೆಚ್ಚಲ್ಲ. ಮಲಗುವ ಕೋಣೆಗಳು ಕತ್ತಲೆಯ ಗೂಡುಗಳು. ದೊಡ್ಡದಾಗಿದ್ದುದು ಜಗಲಿ, ತೊಟ್ಟಿಯ ಸುತ್ತಿನ ಪಡಸಾಲೆ, ಮೇಲಿನ ಮೆತ್ತು, ಅಟ್ಟ, ಭತ್ತದ ಪಣತ, ಕೊಟ್ಟಿಗೆ. ಇವೆಲ್ಲ ಬೆಳೆಗಾಗಿ ಕಟ್ಟಿದ ಜಾಗಗಳು. ಅಡಿಕೆ ಕೊಯ್ಲು ಶುರುವಾದರೆ ಹಗಲು ಕೊಯ್ದ ಕೊನೆ ರಾತ್ರಿ ಜಗಲಿಗೆ ಬರಬೇಕು. ಇಪ್ಪತ್ತು ಮೂವತ್ತು ಜನ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತು ಹಸಿಯಡಿಕೆ ಸುಲಿಯಬೇಕು. ಸುಲಿದದ್ದು ಚೊಗರಿನಲ್ಲಿ ಬೇಯಬೇಕು, ಅಂಗಳದ ಚಪ್ಪರದಲ್ಲಿ ಒಣಗಬೇಕು, ಒಣಗಿದ್ದು ಥಂಡಿ ತಾಗದಂತೆ ಅಟ್ಟ ಸೇರಬೇಕು. ಬೆಳಗಿನ ಜಾವದವರೆಗೆ ಸುಲಿದವರು ಅಲ್ಲೇ ಊಟ ಮಾಡಿ ಅಲ್ಲೇ ಮಲಗುತ್ತಿದ್ದರು. ಮೇಲಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಸೌದೆ, ದವಸ, ದನದ ಹುಲ್ಲು ಎಲ್ಲವೂ ಸೂರಿನ ಕೆಳಗೇ ಇರಬೇಕಿತ್ತು. ಈಗಿನ ಮಾತಿನಲ್ಲಿ ಹೇಳುವುದಾದರೆ ಅದು ಮನೆ, ಕಾರ್ಖಾನೆ, ಗೋದಾಮು ಮೂರೂ ಒಂದೇ ಮಾಡಿನ ಕೆಳಗೆ ಇದ್ದ ಕಟ್ಟಡ.

ಮರೆತುಹೋಗಿರುವ ಇನ್ನೊಂದು ಸಂಗತಿಯೂ ಉಂಟು. ಈ ಮನೆಗಳು ಒಂದೇ ಸಲಕ್ಕೆ ದೊಡ್ಡದಾಗಿ ಕಟ್ಟಿದವಲ್ಲ. ಮನೆಯನ್ನು ಅಳೆಯುತ್ತಿದ್ದುದು ಅಂಕಣದಲ್ಲಿ, ಅಂದರೆ ಎರಡು ಕಂಬಗಳ ನಡುವಿನ ಅಂತರದಲ್ಲಿ. ಕೈಯಲ್ಲಿ ಕಾಸಿದ್ದ ವರ್ಷ, ಮಗನ ಮದುವೆಯಾದ ವರ್ಷ, ಒಂದೆರಡು ಅಂಕಣ ಸೇರುತ್ತಿತ್ತು. ಸೋಗೆಯ ಕಾಲದಲ್ಲಂತೂ ಹೆಚ್ಚು ಬೆಳೆಸುವಂತೆಯೂ ಇರಲಿಲ್ಲ. ಮಾಡು ಹಿಗ್ಗಿದಷ್ಟೂ ಪ್ರತಿವರ್ಷ ಹೊಸದಾಗಿ ಹೊದಿಸುವ ಕೆಲಸವೂ ಹಿಗ್ಗುತ್ತಿತ್ತು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದರು. ಆ ಹೆಂಚು ಘಟ್ಟ ಹತ್ತಿದ ಮೇಲೆ ಮಾಡು ಹಿಗ್ಗಿಸುವುದು ಸುಲಭವಾಯಿತು. ನಾವು ‘ಅಜ್ಜನ ಕಾಲದ ಮನೆ’ ಎಂದು ನೆನೆಯುವ ಅನೇಕ ದೊಡ್ಡ ಮನೆಗಳ ಈಗಿನ ರೂಪ ಹೆಂಚಿನ ಕಾಲದ್ದು.

ಶಾಸ್ತ್ರದ ಮಾತೂ ಬರುತ್ತದೆ. ಗೃಹದ ಆಯ ನೋಡುವಾಗ ಉದ್ದ ಅಗಲಗಳನ್ನು ಗುಣಿಸಿ ಎಂಟರಿಂದ ಭಾಗಿಸಿ ಶೇಷ ನೋಡುವ ಪದ್ಧತಿ ಇದೆ. ಶೇಷ ಒಂದಾದರೆ ಧ್ವಜ, ಮೂರಾದರೆ ಸಿಂಹ, ಐದಾದರೆ ವೃಷಭ, ಏಳಾದರೆ ಗಜ, ಇವು ಶುಭ. ಸಮಸಂಖ್ಯೆ ಬಂದರೆ ಒಳ್ಳೆಯದಲ್ಲ, ಏನೂ ಉಳಿಯದಿದ್ದರೆ ಕಾಕ. 21ಕ್ಕೆ 15ರ ಪುಟ್ಟ ಮನೆಗೂ 45ಕ್ಕೆ 31ರ ಭಾರಿ ಮನೆಗೂ ಶೇಷ ಮೂರೇ, ಎರಡೂ ಸಿಂಹ. ಆಯಕ್ಕೆ ದೊಡ್ಡದು ಚಿಕ್ಕದೆಂಬ ಭೇದವಿಲ್ಲ. (ಬೆಂಗಳೂರಿನಲ್ಲಿ ಜನ ಹಾತೊರೆಯುವ 30-40ರ ನಿವೇಶನವನ್ನು ಇದೇ ಲೆಕ್ಕಕ್ಕೆ ಹಾಕಿದರೆ ಕಾಕ ಬರುತ್ತದೆ. ಲೆಕ್ಕ ಕಟ್ಟಡದ್ದು, ನಿವೇಶನದ್ದಲ್ಲ ಎಂದು ಅಲ್ಲಿಯವರು ಸಮಾಧಾನಪಟ್ಟುಕೊಳ್ಳಬಹುದು.)

ಮನೆ ಬೆಳೆದ ಹಾಗೆಯೇ ಒಡೆಯುತ್ತಲೂ ಇತ್ತು. ಹಿಸೆಯಾದಾಗ ನಡುಮನೆಯಲ್ಲಿ ಗೋಡೆ ಎದ್ದು, ಎರಡು ಒಲೆ ಹೊತ್ತಿ, ಒಂದು ಮನೆ ಅಗ್ರಹಾರದ ಸಾಲುಮನೆಯಂತೆ ಒಂದೇ ಗೋಡೆಗೆ ಅಂಟಿದ ಎರಡು ಮನೆಯಾಗುತ್ತಿತ್ತು. ಇಲ್ಲವೇ ಒಬ್ಬರು ಹೊರಡಬೇಕು. 1936ರಲ್ಲಿ ಪ್ರಕಟವಾದ ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯಲ್ಲಿ ಪಾಲಾದ ಮೇಲೆ ಹೂವಯ್ಯ ಕೆಳಕಾನೂರಿನ ಸಣ್ಣ ಮನೆಗೆ ಹೋಗುತ್ತಾನೆ. ಕುವೆಂಪು ಅವರದೇ ಕುಪ್ಪಳಿಯ ಮೂರಂತಸ್ತಿನ ಮನೆ ಇಂದು ಸ್ಮಾರಕ. ಅದನ್ನು ಗುಡಿಸಿ ಒರೆಸಲು ಒಂದು ಪ್ರತಿಷ್ಠಾನವಿದೆ. ಉಳಿದವರ ಮನೆಗೆ ಆ ಅನುಕೂಲವಿಲ್ಲ.

ಕಾನೂನು ಕೂಡ ವಾಸದ ಮನೆಯನ್ನು ಬೇರೆಯಾಗಿಯೇ ಕಂಡಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 23ನೇ ಕಲಮಿನ ಪ್ರಕಾರ, ಕುಟುಂಬ ವಾಸಿಸುತ್ತಿರುವ ಮನೆಯನ್ನು ಗಂಡು ವಾರಸುದಾರರು ಹಂಚಿಕೊಳ್ಳುವವರೆಗೆ ಹೆಣ್ಣುಮಕ್ಕಳು ಅದರಲ್ಲಿ ಪಾಲು ಕೇಳುವಂತಿರಲಿಲ್ಲ. 2005ರ ತಿದ್ದುಪಡಿ ಆ ಕಲಮನ್ನೇ ತೆಗೆದುಹಾಕಿತು. ಇದು ನ್ಯಾಯವೇ. ಆದರೆ ಮನೆ ಕಟ್ಟುವವನು ಇದರ ಅರ್ಥ ತಿಳಿದಿರಬೇಕು. ಇಂದು ಕಟ್ಟುವ ದೊಡ್ಡ ಮನೆ ನಾಳೆ ಮೂರೋ ನಾಲ್ಕೋ ಪಾಲಾಗುವ ವಸ್ತು. ತೋಟವನ್ನು ಸಾಲು ಎಣಿಸಿ ಹಂಚಬಹುದು. ಕಾಂಕ್ರೀಟಿನ ಮನೆಯಲ್ಲಿ ಒಂದೇ ಅಡಿಗೆಮನೆ, ಒಂದೇ ಮೆಟ್ಟಿಲು.

ಇತ್ತ ಮನೆ ದೊಡ್ಡದಾಗಿರಬೇಕಾದ ಕಾರಣಗಳೂ ಒಂದೊಂದಾಗಿ ಕಳಚಿದವು. ದೇವರಾಜ ಅರಸರ ಕಾಲದ ಭೂಸುಧಾರಣೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಮೇಲೆ ಗೇಣಿ ಭತ್ತ ಬರುವುದು ನಿಂತು ಒಡೆಯರ ಪಣತಗಳು ಬರಿದಾದವು. ಗೇಣಿದಾರರಾಗಿದ್ದವರು ತಮ್ಮ ನೆಲದ ಮೇಲೆ ತಮ್ಮದೇ ಮನೆ ಕಟ್ಟಿಕೊಂಡರು. ಅಡಿಕೆ ಸುಲಿಯಲು ಯಂತ್ರ ಬಂತು. ಎಷ್ಟೋ ಜನ ಫಸಲನ್ನು ಮರದ ಮೇಲಿರುವಾಗಲೇ ಚೇಣಿಗೆ ಕೊಡುತ್ತಾರೆ, ಒಂದು ಕಾಯಿಯೂ ಜಗಲಿ ಹತ್ತುವುದಿಲ್ಲ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ.

ಉಳಿದದ್ದು ಮಳೆ. ಅತಿವೃಷ್ಟಿಗೂ ಅನಾವೃಷ್ಟಿಗೂ ಕಿಗ್ಗದ ಋಷ್ಯಶೃಂಗನಿಗೇ ಹರಕೆ ಹೊರುವ ಸೀಮೆ ಇದು. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರ್ ದಾಟಿ ಸುರಿಯುತ್ತದೆ. ಬೆಂಗಳೂರಿನಲ್ಲಿ ಅದು ಒಂದು ಸಾವಿರದ ಆಸುಪಾಸು. ಚಪ್ಪಟೆ ಮಾಡು ಬಯಲುಸೀಮೆಯ ಮಾಳಿಗೆಯ ತಮ್ಮ. ಇಲ್ಲಿ ಅದು ನೀರು ನಿಲ್ಲಿಸಿಕೊಂಡು ಜಿನುಗುತ್ತದೆ. ಹಾಗಾಗಿ ಕೆಲವೇ ಮಳೆಗಾಲಗಳಲ್ಲಿ ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ತಗಡಿನ ಇನ್ನೊಂದು ಮಾಡು ಬರುತ್ತದೆ. ಎಂದರೆ ಮಲೆನಾಡಿನಲ್ಲಿ ತಾರಸಿ ಮನೆಗೆ ಎರಡು ಮಾಡಿನ ಖರ್ಚು. ದೊಡ್ಡದು ಚಿಕ್ಕದರ ಲೆಕ್ಕ ಹಾಕಬೇಕಾದದ್ದು ಇಲ್ಲಿಂದ.

30ಕ್ಕೆ 40 ಅಡಿಯ ಒಂದಂತಸ್ತಿನ ಮನೆಗೆ ಸುತ್ತಲೂ ಮೂರಡಿ ಇಳಿಬಿಟ್ಟು ತಗಡು ಹೊದಿಸಿದರೆ, ಇಳಿಜಾರನ್ನು ಲೆಕ್ಕಕ್ಕೆ ಹಿಡಿಯದೆಯೇ 1,656 ಚದರಡಿ ಬೇಕು. 20ಕ್ಕೆ 30ರ ಮನೆಗೆ 936 ಚದರಡಿ. ಆ ಚಿಕ್ಕ ಮನೆಯನ್ನೇ ಎರಡಂತಸ್ತು ಮಾಡಿದರೆ ಒಳಗಿನ ಜಾಗ ದೊಡ್ಡ ಮನೆಯಷ್ಟೇ ಆಗುತ್ತದೆ, ಮಾಡು ಮಾತ್ರ 936ರದ್ದೇ. ಹಳಬರು ಮೆತ್ತು ಏರಿಸಿದ್ದು ಸುಮ್ಮನೆ ಅಲ್ಲ. ಆದರೆ ಇದಕ್ಕೂ ಬೆಲೆ ತೆರಬೇಕು. ಎರಡಂತಸ್ತಿನ ಪಡುವಣ ಗೋಡೆ ಮುಂಗಾರಿನ ಗಾಳಿಮಳೆಗೆ ಪೂರ್ತಿ ಎದೆಯೊಡ್ಡುತ್ತದೆ. ಹಿಂದೆ ಅಲ್ಲಿಗೆ ಸೋಗೆಯ ಮರೆ ಕಟ್ಟುತ್ತಿದ್ದರು, ಈಗ ಅದಕ್ಕೂ ತಗಡೇ. ಎಪ್ಪತ್ತು ದಾಟಿದ ಮೊಣಕಾಲಿಗೆ ಮೆಟ್ಟಿಲು ಹತ್ತುವ ಉಮೇದು ಇರುವುದಿಲ್ಲ. ಮುಚ್ಚಿಟ್ಟ ಕೋಣೆಯ ಗತಿಯಂತೂ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಜುಲೈನಲ್ಲಿ ಹದಿನೈದು ದಿನ ಬಾಗಿಲು ತೆರೆಯದಿದ್ದರೆ ಹಾಸಿಗೆ, ಬಟ್ಟೆ, ಕಪಾಟು ಎಲ್ಲಕ್ಕೂ ಬೂಸ್ಟು ಹಿಡಿಯುತ್ತದೆ. ಹಳೆಯ ಮನೆಯಲ್ಲಿ ಒಲೆಯ ಹೊಗೆ ಅಟ್ಟವನ್ನೆಲ್ಲ ಸುತ್ತಿ ಅದನ್ನು ತಡೆಯುತ್ತಿತ್ತು. ಗ್ಯಾಸಿನ ಒಲೆ ಆ ಕೆಲಸ ಮಾಡದು. ಹಬ್ಬಕ್ಕೆ ಬರುವ ಮಕ್ಕಳಿಗೆಂದು ಕಟ್ಟಿದ ನಾಲ್ಕು ಕೋಣೆಗಳನ್ನು ವರ್ಷದ ಉಳಿದ ದಿನವೆಲ್ಲ ಗುಡಿಸಬೇಕಾದವಳು ಮನೆಯ ಯಜಮಾನಿ. ನಕ್ಷೆ ಬರೆಯುವಾಗ ಅವಳನ್ನು ಕೇಳುವವರು ಕಡಿಮೆ.

ಸಾಲದ ಮಾತೂ ಇದೆ. ಶೃಂಗೇರಿ, ಕೊಪ್ಪದ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ತಿನ್ನುತ್ತಿದೆ, ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕೆಯೂ ಸೇರಿಕೊಂಡಿದೆ. ಹದಿನೈದು ವರ್ಷದ ಕಂತನ್ನು ಇಂಥ ತೋಟದ ಮೇಲೆ ಹೊರಿಸುವುದೆಂದರೆ ಸುಳಿ ಹಳದಿಯಾಗದೆ ಹದಿನೈದು ವರ್ಷ ನಿಂತೀತು ಎಂದು ಪಂದ್ಯ ಕಟ್ಟಿದಂತೆ.

ದೊಡ್ಡ ಮನೆ ಬೇಕಾದವರೂ ಇದ್ದಾರೆ. ಅಡಿಕೆಯನ್ನು ತಾವೇ ಸುಲಿಸಿ ಬೇಯಿಸುವವರು, ಕಾಳುಮೆಣಸು, ಕಾಫಿ ಒಣಗಿಸುವವರು, ಹೋಂಸ್ಟೇ ನಡೆಸುವವರು. ಅವರಿಗೆ ತಾರಸಿ ಅಂಗಳದ ಕೆಲಸವನ್ನೂ ಮಾಡುತ್ತದೆ. ಪಾರದರ್ಶಕ ಶೀಟು ಹೊದಿಸಿದರೆ ಅಕಾಲದ ಮಳೆಗೆ ಹೆದರಿ ಓಡಿಬಂದು ಅಡಿಕೆ ಬಾಚುವ ಪಾಡಿಲ್ಲ. ಉಳಿದವರಿಗೆ ನನ್ನ ಒಲವು ಚಿಕ್ಕದರ ಕಡೆಗೆ, ಆದರೆ ಅಂಕಣದ ಬುದ್ಧಿಯನ್ನು ಉಳಿಸಿಕೊಂಡ ಚಿಕ್ಕದರ ಕಡೆಗೆ. ಬಚ್ಚಲನ್ನೂ ಶೌಚದ ಗುಂಡಿಯನ್ನೂ ಒಂದೇ ಮಗ್ಗುಲಿಗೆ ಹಾಕಿ, ಮೂಡಣ ಗೋಡೆಯ ಆಚೆ ಎರಡು ಕೋಣೆಯಷ್ಟು ನೆಲ ಖಾಲಿ ಬಿಟ್ಟು, ಆ ಗೋಡೆಯಲ್ಲಿ ಮುಂದೆ ಬಾಗಿಲಾಗಬಲ್ಲ ಕಡೆ ಲಿಂಟಲನ್ನು ಈಗಲೇ ಕೂರಿಸಿಬಿಟ್ಟರೆ ಆಯಿತು. ಮೇಲಂತಸ್ತಿಗೆಂದು ಕಂಬದ ಸರಳುಗಳನ್ನು ಹೊರಗೆ ಬಿಡುವವರು ಅವಕ್ಕೆ ತೆಳು ಸಿಮೆಂಟಿನ ಗಾರೆ ಮೆತ್ತಿಸಬೇಕು. ಹಾಗೇ ಬಿಟ್ಟರೆ ಇಲ್ಲಿಯ ಮಳೆಗೆ ಅವು ಎರಡು ವರ್ಷದಲ್ಲಿ ಹೊಪ್ಪಳೆ ಏಳುತ್ತವೆ.