ಗವಾಯಿಗಳ ಸಿನಿಮಾ ನೋಡಿ ಅತ್ತರ ಸಾಕೇನ್ರಿ?

ಬಾದಾಮಿ ಬಸ್ ಸ್ಟ್ಯಾಂಡಿನಾಗ ಈ ನೋಟ ನೀವೂ ನೋಡಿರಬೇಕು. ಬಸ್ಸು ಬಿಡೋ ಹೊತ್ತಿಗೆ ಕಣ್ಣಿಲ್ಲದ ಒಬ್ಬಾತ ಬಾಗಿಲ ಕಂಬಿ ಹಿಡಕೊಂಡು ಒಳಗ ಬರ್ತಾನ. ಒಂದು ಪದ ಹಾಡ್ತಾನ. ಯಾರೋ ಒಂದಿಬ್ಬರು ರೂಪಾಯಿ ಹಾಕ್ತಾರ, ಉಳಿದವರು ಕಿಡಕಿ ಕಡೆ ಮುಖ ತಿರುಗಸ್ತಾರ. ಕಂಡಕ್ಟರ್ ಸೀಟಿ ಹೊಡೀತಾನ. ಪದ ಅರ್ಧಕ್ಕ ನಿಲ್ತದ, ಆತ ಇಳೀತಾನ. ಕಂಠ ಹೆಂಗೈತಿ ಅಂತ ಯಾರೂ ಕೇಳೂದಿಲ್ಲ.

ಹಾಂಗ ಕೇಳಿದವರು ಒಬ್ಬರಿದ್ದರು. ಹಾನಗಲ್ಲ ಕುಮಾರಸ್ವಾಮಿಗಳು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಕುರುಡ ಹುಡುಗನೊಬ್ಬ ಹಾಡುವುದನ್ನು ಕೇಳಿದರು. ಅವನ ಅಣ್ಣನಿಗೂ ಕಣ್ಣಿರಲಿಲ್ಲ. ಊರ ಮಂದಿ ಅಯ್ಯೋ ಪಾಪ ಅಂದು ಸುಮ್ಮನಾಗಬಹುದಾಗಿತ್ತು. ಸ್ವಾಮಿಗಳು ಸುಮ್ಮನಾಗಲಿಲ್ಲ. ಜೊತೆಗೆ ಕರೆದುಕೊಂಡು ಬಂದು ಸಂಗೀತ ಕಲಿಸಿದರು. ಆ ಹುಡುಗನೇ ಮುಂದೆ ಪಂಚಾಕ್ಷರಿ ಗವಾಯಿಗಳಾದರು.

ಇದು ಹಾವೇರಿ, ಗದಗ ಕಡೆಯವರ ಕಥೆ, ನಮಗೇನು ಸಂಬಂಧ ಅನ್ನಬ್ಯಾಡ್ರಿ. ನಮ್ಮ ಬಾದಾಮಿ ತಾಲೂಕಿನ ಮಲಪ್ರಭೆ ದಂಡೆಯ ಶಿವಯೋಗಮಂದಿರವನ್ನು 1909ರಲ್ಲಿ ಕಟ್ಟಿದವರು ಇದೇ ಸ್ವಾಮಿಗಳು. ಗವಾಯಿಗಳು ಬೆಳೆದದ್ದು ಆ ನೆರಳಿನಾಗ. ಮೈಸೂರಿಗೆ ಹೋಗಿ ಕರ್ನಾಟಕ ಸಂಗೀತ ಕಲಿತರು, ಆಮೇಲೆ ಹಿಂದೂಸ್ತಾನಿ. ಉಭಯಗಾನ ವಿಶಾರದರೆನಿಸಿದರು.

ಅಷ್ಟಕ್ಕೇ ನಿಂತಿದ್ದರೆ ಒಬ್ಬ ದೊಡ್ಡ ಗವಾಯಿ ಆಗಿ ಮುಗೀತಿತ್ತು. ಅವರು ಮಾಡಿದ್ದು ಬೇರೆ. ಕುರುಡರು, ಬಡವರು, ಯಾರಿಗೂ ಬೇಡಾದ ಹುಡುಗರನ್ನು ಕೂಡಿಸಿಕೊಂಡು ಊರೂರು ತಿರುಗುವ ಸಂಗೀತ ಪಾಠಶಾಲೆ ನಡೆಸಿದರು. ಇಂದು ಈ ಊರು, ನಾಳೆ ಮುಂದಿನ ಊರು. ಪಾಠ ಹೇಳಿದರಷ್ಟೇ ಸಾಲದು, ಅಷ್ಟು ಹೊಟ್ಟಿಗೆ ಹಿಟ್ಟೂ ಹೊಂದಿಸಬೇಕಿತ್ತು. ಕಡೆಗೆ ಗದಗಿನ ಬಸರಿಗಿಡದ ವೀರಪ್ಪನವರು ಆಸರೆ ಕೊಟ್ಟರು. ವೀರೇಶ್ವರ ಪುಣ್ಯಾಶ್ರಮ ಬೇರು ಬಿಟ್ಟಿತು. ಬಸವರಾಜ ರಾಜಗುರು ಅವರಂಥ ಗಾಯಕರು ಈ ಗರಡಿಯವರು. 1944ರಲ್ಲಿ ಗವಾಯಿಗಳು ತೀರಿಕೊಂಡಾಗ ಭಾರವೆಲ್ಲ ಅವರ ಶಿಷ್ಯ ಪುಟ್ಟರಾಜರ ಹೆಗಲಿಗೆ ಬಿತ್ತು. ಅವರಿಗೂ ಕಣ್ಣಿರಲಿಲ್ಲ. ನಾಟಕ ಕಂಪನಿ ನಡೆಸಿಯಾದರೂ ಆಶ್ರಮ ನಿಲ್ಲಿಸಿದರು. 2010ರಲ್ಲಿ ಪದ್ಮಭೂಷಣ ಬಂತು, ಅದೇ ಸೆಪ್ಟೆಂಬರ್ 17ಕ್ಕೆ ಅವರೂ ಹೋದರು.

ಈ ಬದುಕನ್ನು 1995ರಲ್ಲಿ ಚಿಂದೋಡಿ ಬಂಗಾರೇಶ ಸಿನಿಮಾ ಮಾಡಿದರು: 'ಸಂಗೀತಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ'. ಹಂಸಲೇಖ ಅವರ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ, ಹಾಡಿದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ. ಗುರುವಿನ ಮುಂದೆ ಕುಳಿತು ಶಾಸ್ತ್ರೀಯ ಸಂಗೀತ ಕಲಿಯದ ಎಸ್.ಪಿ.ಬಿ. ಈ ಚಿತ್ರದ ಶಾಸ್ತ್ರೀಯ ಹಾಡಿಗೆ ಪ್ರಶಸ್ತಿ ತಂದರು ಅಂದರ ಸಾಮಾನ್ಯ ಮಾತಲ್ಲ. ಆಗಿನ್ನೂ ನಮ್ಮದು ವಿಜಾಪುರ ಜಿಲ್ಲೆ, ಬಾಗಲಕೋಟೆ ಬೇರೆ ಆದದ್ದು 1997ರಲ್ಲಿ.

ನಾವು ಇಂಥ ಸಿನಿಮಾ ನೋಡಿ ಕಣ್ಣೀರು ಹಾಕೋ ಮಂದಿ. ಬನಶಂಕರಿ ಜಾತ್ರಿಯೊಳಗ ನಾಟಕ ನೋಡಿದರೂ ಅಷ್ಟೇ, ಅನಾಥ ಕೂಸು ಅತ್ತರ ನಾವೂ ಅಳ್ತೀವಿ. ಮರುದಿನ ಅಂಗಡಿ ಬಾಗಿಲು ತೆಗೆದಾಗ ಕೋಲು ಹಿಡಿದ ಹುಡುಗ ಬಂದು ನಿಂತರ, "ಮುಂದ ಹೋಗಪಾ" ಅಂತೀವಿ. ತಪ್ಪು ಅಂತ ಅಲ್ಲ, ಬೋಣಿಗಿ ಹೊತ್ತು, ಗಿರಾಕಿ ಗದ್ದಲ. ಆದರೂ ವಿಚಾರ ಮಾಡ್ರಿ. ಆವತ್ತು ಕುಮಾರಸ್ವಾಮಿಗಳೂ ಹಿಂಗೇ ಅಂದಿದ್ದರ?

ಹುನಗುಂದ, ಇಳಕಲ್ಲ ಓಣಿಯೊಳಗ ಕಣ್ಣಿಲ್ಲದ ಕೂಸು ಇದ್ದರ ಕೈಯಾಗ ತಾಟು ಕೊಡಬ್ಯಾಡ್ರಿ. ಗದಗಿನ ಆಶ್ರಮ ಇವತ್ತಿಗೂ ಇಂಥ ಮಕ್ಕಳಿಗೆ ಊಟ ಹಾಕಿ ಸಂಗೀತ ಕಲಿಸತದ. ಬಾಗಲಕೋಟೆ, ಬಾದಾಮಿಯಿಂದ ಗದಗಿಗೆ ನೇರ ರೈಲದ. ಹುನಗುಂದ, ಇಳಕಲ್ಲಿನವರಿಗೆ ಬಸ್ಸಿದೆ. ತಂದಿ ತಾಯಿಗೆ ಗೊತ್ತಿರೂದಿಲ್ಲ, ತಿಳಿಸಿ ಹೇಳಬೇಕು. ಜೊತೀಗೊಬ್ಬರು ಹೋಗಿ ಬಿಟ್ಟು ಬರಬೇಕು. ಒಂದು ದಿನದ ವ್ಯಾಪಾರ ಹೋದೀತು, ಅಷ್ಟೇ.

ನಾಳೆ ಬಸ್ಸಿನಾಗ ಆತ ಮತ್ತೆ ಹತ್ತತಾನ. ರೂಪಾಯಿ ಹಾಕ್ರಿ, ಬ್ಯಾಡನ್ನೂದಿಲ್ಲ. ಆದರ ಪದ ಮುಗಿಯೋತನಕ ಕೇಳ್ರಿ. ಊರು ಯಾವುದು, ಎಲ್ಲಿ ಕಲ್ತಿ ಅಂತ ಒಂದು ಮಾತು ಕೇಳ್ರಿ. ಕಾಡಶೆಟ್ಟಿಹಳ್ಳಿಯ ಹುಡುಗನ ಕಥಿ ಶುರುವಾದದ್ದೂ ಒಬ್ಬರು ನಿಂತು ಕೇಳಿದ್ದರಿಂದ.