ಬಿಳಿ ಕಾಂಡಕೊರಕ: ಅರೇಬಿಕಾ ಗಿಡದೊಳಗಿನ ಹುಳು

ಭಾರತದ ಅರೇಬಿಕಾ ಕಾಫಿಗೆ ತಗಲುವ ಕೀಟಗಳಲ್ಲಿ ಬಿಳಿ ಕಾಂಡಕೊರಕದಷ್ಟು ಹಾನಿ ಮಾಡುವುದು ಇನ್ನೊಂದಿಲ್ಲ. ಬಣಕಲ್, ಮೂಡಿಗೆರೆ, ಕಳಸದ ತೋಟಗಳಲ್ಲಿ ಅದನ್ನು ‘ಬೋರರ್’ ಎಂದೇ ಕರೆಯುತ್ತಾರೆ. ವೈಜ್ಞಾನಿಕ ಹೆಸರು ಕ್ಸೈಲೋಟ್ರೆಕಸ್ ಕ್ವಾಡ್ರಿಪೆಸ್. ಉದ್ದ ಮೀಸೆಯ ದುಂಬಿಗಳ ಕುಟುಂಬಕ್ಕೆ ಸೇರಿದ್ದಾದರೂ ಇದರ ಮೀಸೆ ಗಿಡ್ಡ. ಬೆಳೆದ ದುಂಬಿ ಒಂದರಿಂದ ಎರಡು ಸೆಂಟಿಮೀಟರ್ ಉದ್ದವಿದ್ದು, ಕಪ್ಪು ರೆಕ್ಕೆಯ ಮೇಲೆ ಬಿಳಿ ಪಟ್ಟೆಗಳಿರುತ್ತವೆ. ಹೆಣ್ಣು ಗಂಡಿಗಿಂತ ದೊಡ್ಡದು. ಭಾರತವಲ್ಲದೆ ಥಾಯ್ಲೆಂಡ್, ವಿಯೆಟ್ನಾಂ, ಚೀನಾದ ಯುನ್ನಾನ್ ಪ್ರಾಂತ್ಯದ ಕಾಫಿಗೂ ಇದರ ಕಾಟವಿದೆ.

ದುಂಬಿಗಳು ವರ್ಷಕ್ಕೆ ಎರಡು ಸಲ ಹೊರಬಂದು ಹಾರಾಡುತ್ತವೆ: ಮುಂಗಾರಿಗೆ ಮುಂಚೆ ಏಪ್ರಿಲ್–ಮೇ ತಿಂಗಳಲ್ಲಿ ಮತ್ತು ಮಳೆಗಾಲ ಮುಗಿದ ಮೇಲೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಬಿಸಿಲು ಚುರುಕಾಗಿದ್ದಾಗ ಅವುಗಳ ಓಡಾಟ ಹೆಚ್ಚು. ಕೂಡಿದ ನಂತರ ಹೆಣ್ಣು ಬಿಸಿಲು ಬೀಳುವ ಮುಖ್ಯ ಕಾಂಡವನ್ನೋ ದಪ್ಪ ರೆಂಬೆಯನ್ನೋ ಆರಿಸಿಕೊಂಡು, ಸಡಿಲ ತೊಗಟೆಯ ಅಡಿಯಲ್ಲಿ, ಬಿರುಕುಗಳ ಸಂದಿಯಲ್ಲಿ ಮೊಟ್ಟೆ ಇಡುತ್ತದೆ. ಸುಮಾರು ಹತ್ತು ದಿನಗಳಲ್ಲಿ ಮರಿಹುಳುಗಳು ಹೊರಬರುತ್ತವೆ.

ಮರಿಹುಳು ಮೊದಲ ಒಂದೆರಡು ತಿಂಗಳು ತೊಗಟೆಯ ಕೆಳಗಿನ ಮೆತ್ತನೆಯ ಭಾಗವನ್ನು ತಿನ್ನುತ್ತದೆ. ಆಗ ತೊಗಟೆಯ ಮೇಲೆ ಉಬ್ಬಿದ ಗೆರೆಗಳು ಏಳುತ್ತವೆ. ಒಳಗೆ ಹುಳು ಇದೆ ಎನ್ನಲು ಹೊರಗೆ ಸಿಗುವ ಗುರುತು ಇದೇ. ಮುಂದೆ ಅದು ಗಟ್ಟಿ ಮರವನ್ನು ಹೊಕ್ಕು ಎಲ್ಲ ದಿಕ್ಕಿಗೂ ಸುರಂಗ ಕೊರೆಯುತ್ತದೆ. ಕೊರೆದ ಪುಡಿ ಹೊರಗೆ ಉದುರುವುದಿಲ್ಲ; ಹುಳು ತನ್ನ ಹಿಕ್ಕೆಯ ಜೊತೆ ಅದನ್ನು ಹಿಂದಿನ ಸುರಂಗದಲ್ಲೇ ಗಿಡಿದು ತುಂಬುತ್ತದೆ. ಹೀಗಾಗಿ ಸಿಂಪಡಿಸಿದ ಔಷಧಿಯಾಗಲಿ ಬೇಟೆಗಾರ ಕೀಟವಾಗಲಿ ಹುಳುವಿದ್ದಲ್ಲಿಗೆ ತಲುಪುವುದು ಕಷ್ಟ. ಒಂಬತ್ತು–ಹತ್ತು ತಿಂಗಳು ಹೀಗೆ ಕಳೆದ ಹುಳು ತೊಗಟೆಯ ಹತ್ತಿರದವರೆಗೂ ದಾರಿ ಕೊರೆದಿಟ್ಟು ಕೋಶವಾಗುತ್ತದೆ. ಸುಮಾರು ಒಂದು ತಿಂಗಳಲ್ಲಿ ದುಂಬಿಯಾಗಿ, ದುಂಡನೆಯ ತೂತು ಮಾಡಿಕೊಂಡು ಹೊರಬೀಳುತ್ತದೆ.

ಸುರಂಗಗಳು ನೀರು ಏರುವ ನಾಳಗಳನ್ನು ಕತ್ತರಿಸುವುದರಿಂದ ಎಲೆ ಹಳದಿಯಾಗಿ ಗಿಡ ಸೊರಗುತ್ತದೆ. ಏಳೆಂಟು ವರ್ಷದ ಎಳೆಯ ಗಿಡ ಒಂದೇ ವರ್ಷದಲ್ಲಿ ಒಣಗಬಹುದು. ಹಳೆಯ ಗಿಡ ಕೆಲವು ವರ್ಷ ತಡೆದುಕೊಂಡರೂ ಫಸಲು ಇಳಿಯುತ್ತದೆ. ರೋಬಸ್ಟಾ ಗಿಡದೊಳಗೆ ಈ ಹುಳು ಬೆಳೆದು ಬದುಕುವುದು ತೀರ ಅಪರೂಪ. ಬೆಳೆಗಾರರು ಅರೇಬಿಕಾ ಬಿಟ್ಟು ರೋಬಸ್ಟಾಕ್ಕೆ ತಿರುಗಲು ಇದೂ ಒಂದು ಕಾರಣ.

ಈ ಕೀಟದ ಅಧ್ಯಯನಕ್ಕೆ ಒಂದೂವರೆ ಶತಮಾನದ ಇತಿಹಾಸವಿದೆ. 1860ರ ದಶಕದಲ್ಲಿ ಕೊಡಗು ಮತ್ತು ಮೈಸೂರು ಸೀಮೆಯ ತೋಟಗಳು ಇದರಿಂದ ಹಾಳಾದಾಗ ಮದ್ರಾಸು ಸರ್ಕಾರ ವೈದ್ಯ ಜಾರ್ಜ್ ಬಿಡಿಯನ್ನು ತನಿಖೆಗೆ ನೇಮಿಸಿತು. ಕಾಡು ಪೂರ್ತಿ ಕಡಿದು ಬಯಲಲ್ಲಿ ಬೆಳೆಸಿದ ಕಾಫಿಗೇ ಪೆಟ್ಟು ಹೆಚ್ಚು, ನೆರಳು ಬೇಕು ಎಂಬುದು ಅವನ ವರದಿಯ ಮುಖ್ಯ ಮಾತುಗಳಲ್ಲೊಂದು. ಮೈಸೂರು ಸಂಸ್ಥಾನ 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರವನ್ನು ಆರಂಭಿಸಿತು. ಅದೇ ಇಂದು ಕಾಫಿ ಮಂಡಳಿಯ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ಗಂಡು ದುಂಬಿ ಹೆಣ್ಣನ್ನು ಸೆಳೆಯಲು ಸೂಸುವ ವಾಸನೆಯ ರಾಸಾಯನಿಕವನ್ನು ಇಲ್ಲಿನ ವಿಜ್ಞಾನಿಗಳು ಬ್ರಿಟನ್ನಿನ ಸಂಶೋಧಕರ ಜೊತೆಗೂಡಿ ಗುರುತಿಸಿದರು. ಅದನ್ನು ಕೃತಕವಾಗಿ ತಯಾರಿಸಿ ತುಂಬಿದ ಬಲೆಗಳನ್ನು ಹೆಕ್ಟೇರಿಗೆ 25ರಂತೆ ತೂಗುಹಾಕುತ್ತಾರೆ. ದುಂಬಿ ಎಂದು ಹಾರತೊಡಗಿತು ಎಂಬುದೂ ಬಲೆಯಿಂದ ತಿಳಿಯುತ್ತದೆ. ಆದರೆ ಬಲೆಯೊಂದನ್ನೇ ನಂಬಿದರೆ ಸಾಲದು.

ಹುಳು ಮರದೊಳಗೆ ಸೇರಿದ ಮೇಲೆ ಗಿಡವನ್ನು ಉಳಿಸುವ ದಾರಿ ಹೆಚ್ಚೇನೂ ಇಲ್ಲ. ಅದಕ್ಕೇ ಎಲ್ಲ ಉಪಾಯಗಳೂ ಅದು ಒಳಹೋಗುವ ಮುಂಚಿನ, ಇಲ್ಲವೆ ಹೊರಬರುವ ಮುಂಚಿನ ದಿನಗಳನ್ನು ಗುರಿಯಾಗಿಸಿವೆ. ಹಾರಾಟಕ್ಕೆ ಮೊದಲು, ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ, ಗಿಡಗಿಡವನ್ನೂ ನೋಡಿ ಬೋರರ್ ಹಿಡಿದದ್ದನ್ನು ಹುಡುಕುತ್ತಾರೆ. ಅಂಥ ಗಿಡವನ್ನು ಕಿತ್ತು ಸುಡಬೇಕು, ಇಲ್ಲವೆ ಕಾಂಡವನ್ನು ವಾರ–ಹತ್ತು ದಿನ ನೀರಿನಲ್ಲಿ ಮುಳುಗಿಸಿಡಬೇಕು. ಸೌದೆಯೆಂದು ಒಟ್ಟಿಟ್ಟರೆ ಅದರಿಂದಲೇ ದುಂಬಿಗಳು ಹೊರಟು ಪಕ್ಕದ ಗಿಡಗಳಿಗೆ ಹಾರುತ್ತವೆ. ಒಳ್ಳೆಯ ಗಿಡಗಳ ಸಡಿಲ ತೊಗಟೆಯನ್ನು ತೆಂಗಿನ ಸಿಪ್ಪೆ ಅಥವಾ ನಾರಿನ ಕೈಗವಸಿನಿಂದ ಉಜ್ಜಿ ತೆಗೆದರೆ ಮೊಟ್ಟೆಗೆ ಜಾಗ ಉಳಿಯದು. ಕತ್ತಿಯಿಂದ ಹೆರೆದರೆ ಹಸಿ ತೊಗಟೆಗೆ ಗಾಯವಾಗುತ್ತದೆ. 200 ಲೀಟರ್ ನೀರಿಗೆ 20 ಕಿಲೋ ಸುಣ್ಣ ಬೆರೆಸಿ ಕಾಂಡಕ್ಕೆ ಬಳಿಯುವ ಕ್ರಮವೂ ಇದೆ. ಎರಡನೆಯ ಹಾರಾಟ ಅರೇಬಿಕಾ ಕೊಯ್ಲಿನ ಹೊತ್ತಿಗೇ ಬರುವುದರಿಂದ ಈ ಕೆಲಸಕ್ಕೆ ಆಳು ಸಿಗುವುದು ಕಷ್ಟ.

ಇವೆಲ್ಲಕ್ಕೂ ತಳಹದಿ ನೆರಳು. ಮೇಲೆ ಕಾಡುಮರ, ಕೆಳಗೆ ಹಾಲವಾಣ ಹೀಗೆ ಎರಡು ಅಂತಸ್ತಿನ ನೆರಳಿದ್ದರೆ ಕಾಂಡದ ಮೇಲೆ ಬಿಸಿಲು ಬೀಳುವುದು ಕಡಿಮೆ, ದುಂಬಿಯ ಓಡಾಟವೂ ಕಡಿಮೆ. ಆದರೆ ಚಾರ್ಮಾಡಿ ಘಾಟಿಯ ಮಗ್ಗುಲಿನ ಬಣಕಲ್, ಕೊಟ್ಟಿಗೆಹಾರದಂಥ ಕಡುಮಳೆಯ ಊರುಗಳಲ್ಲಿ ನೆರಳು ದಟ್ಟವಾದರೆ ಮಳೆಗಾಲದಲ್ಲಿ ಕೊಳೆರೋಗ ಬರುತ್ತದೆ. ಮರಗಸಿ, ಅಂದರೆ ನೆರಳುಮರದ ಕೊಂಬೆ ಕಡಿಯುವುದು, ಮಿತಿ ಮೀರಿದರೆ ಬೋರರ್, ಸಾಲದೆ ಹೋದರೆ ಕೊಳೆ. ಆದ್ದರಿಂದ ಇಲ್ಲಿ ನೆರಳಿಗೆ ಒಂದೇ ಅಳತೆ ಇಲ್ಲ: ಮುಂಗಾರಿಗೆ ಮುನ್ನ ಗಾಳಿ ಆಡುವಷ್ಟು ಕೊಂಬೆ ಕಳೆದು, ಮಳೆ ನಿಂತು ಬಿಸಿಲು ಏರುವ ವೇಳೆಗೆ ಮತ್ತೆ ಕಾಂಡ ಮುಚ್ಚುವಷ್ಟು ಎಲೆ ತುಂಬುವಂತೆ ಆಯಾ ತೋಟದ ಇಳಿಜಾರು, ಮಳೆ ನೋಡಿ ಮರಗಸಿ ಮಾಡಬೇಕಾಗುತ್ತದೆ.