ನಿಮಗಿದು ಗೊತ್ತೇ? ಥಾಯ್ ಸ್ವರಗಳನ್ನು ಓದುವ ಬಗೆ

● ಥಾಯ್ ಲಿಪಿಗೂ ಕನ್ನಡ ಲಿಪಿಗೂ ಮೂಲ ಒಂದೇ: ಬ್ರಾಹ್ಮಿ. ದಕ್ಷಿಣ ಭಾರತದ ಪಲ್ಲವ ಲಿಪಿ ಕಡಲು ದಾಟಿ ಖಮೇರ್ ಲಿಪಿಯಾಯಿತು. ಅದರಿಂದ ಥಾಯ್ ಲಿಪಿ ರೂಪುಗೊಂಡಿತು.

● 1292ರದೆಂದು ಹೇಳಲಾಗುವ ರಾಮ್‌ಖಮ್‌ಹ್ಯಾಂಗ್ ಅರಸನ ಶಾಸನದಲ್ಲಿ ಸ್ವರಚಿಹ್ನೆಗಳು ವ್ಯಂಜನಗಳ ಸಾಲಿನಲ್ಲೇ ಇವೆ. ಇಂದು ಅವು ವ್ಯಂಜನದ ಎಡ, ಬಲ, ಮೇಲೆ, ಕೆಳಗೆ ಎಲ್ಲ ಕಡೆಯೂ ಬರುತ್ತವೆ.

● ‘ಮೇ’ ಎಂದು ಬರೆಯಬೇಕಾದರೆ ಮೊದಲು ಏಕಾರದ ಚಿಹ್ನೆ, ಆಮೇಲೆ ಮ. ಕಂಪ್ಯೂಟರಿನಲ್ಲಿ ಕೀಲಿ ಒತ್ತುವುದೂ ಇದೇ ಕ್ರಮದಲ್ಲಿ. ನಿಘಂಟಿನಲ್ಲಿ ಮಾತ್ರ ಅಂಥ ಪದವನ್ನು ಮಕಾರದಡಿಯಲ್ಲೇ ಹುಡುಕಬೇಕು.

● ವ್ಯಂಜನದ ಎಡಕ್ಕೆ ಏಕಾರದ ಚಿಹ್ನೆ, ಬಲಕ್ಕೆ ಆಕಾರದ ಚಿಹ್ನೆ ಕಂಡರೆ ಬಿಡಿಬಿಡಿಯಾಗಿ ಓದಬಾರದು. ಎರಡೂ ಸೇರಿ ‘ಅವ್’ ಎಂಬ ಒಂದೇ ಉಚ್ಚಾರ.

● ಬರೆಯದ ಸ್ವರವನ್ನೂ ಓದಬೇಕು! ನ, ಮ ಎರಡೇ ಅಕ್ಷರ ಬರೆದರೆ ‘ನೊಮ್’, ಅಂದರೆ ಹಾಲು. ಥ, ನ, ನ ಎಂದು ಮೂರು ಬರೆದರೆ ‘ಥನೊನ್’, ಅಂದರೆ ರಸ್ತೆ.

● ಜೋಡಿ ರಕಾರಕ್ಕೆ ಅಕಾರದ ಉಚ್ಚಾರವಿದೆ. ನಮ್ಮ ‘ಕರ್ಮ’ವನ್ನು ಅವರು ಕ, ರ, ರ, ಮ ಎಂದು ಬರೆದು ‘ಕಮ್’ ಎಂದು ಓದುತ್ತಾರೆ; ‘ಧರ್ಮ’ ಹೀಗೆಯೇ ‘ಥಮ್’ ಆಗುತ್ತದೆ. ಬ್ಯಾಂಕಾಕ್‌ನ ವಿಮಾನ ನಿಲ್ದಾಣದ ಹೆಸರು ಸುವರ್ಣಭೂಮಿ, ಉಚ್ಚಾರ ‘ಸುವನ್ನಫೂಮ್’. ಕೊನೆಯ ಇಕಾರ ಬರಹದಲ್ಲಿದೆ, ಬಾಯಲ್ಲಿಲ್ಲ.

● ಒಂಬತ್ತು ಸರಳ ಸ್ವರಗಳಿಗೂ ಹ್ರಸ್ವ, ದೀರ್ಘ ಎರಡೂ ಇವೆ. ಥಾಯ್‌ನಲ್ಲಿ ದನಿಯ ಏರಿಳಿತವೂ ಪದದ ಭಾಗವೇ: ದನಿ ಇಳಿಸಿ ‘ಖವ್’ ಎಂದರೆ ಒಳಹೋಗು. ಅದೇ ಇಳಿದನಿಯಲ್ಲಿ ‘ಖಾವ್’ ಎಂದರೆ ಅನ್ನ.

● ಸ್ವರದ ಅಳತೆ ಕೆಲವೆಡೆ ದನಿಯನ್ನೂ ಬದಲಿಸುತ್ತದೆ. ‘ರಕ್’ ಎಂದರೆ ಪ್ರೀತಿ, ಅದಕ್ಕೆ ಎತ್ತರದ ದನಿ. ‘ರಾಕ್’ ಎಂದರೆ ಬೇರು, ಅದಕ್ಕೆ ಇಳಿಯುವ ದನಿ.

● ಇಲ್ಲಿ ಕನ್ನಡಿಗರಿಗೆ ಅನುಕೂಲವಿದೆ. ಎ–ಏ, ಒ–ಓ ಭೇದ ನಮ್ಮ ನಾಲಿಗೆಗೆ ಹುಟ್ಟಿನಿಂದಲೇ ಬಂದಿದೆ. ಥಾಯ್‌ನಲ್ಲೂ ಆ ಭೇದ ಇದೆ. ‘ಬ್ಯಾಂಕ್’ ಎನ್ನುವಾಗಿನ ಸ್ವರವೂ ಅಲ್ಲಿದೆ.

● ಕನ್ನಡದಲ್ಲಿಲ್ಲದ ಸ್ವರವೊಂದಿದೆ. ಉಕಾರ ಹೇಳುವಾಗ ತುಟಿ ದುಂಡಾಗಿಸದೆ ಅಗಲಿಸಿದರೆ ಅದು ಹೊರಡುತ್ತದೆ. ತುಳು ಪದಗಳ ಕೊನೆಯ ಅರೆ ಉಕಾರ ಇದಕ್ಕೆ ಹತ್ತಿರ. ಕೊಡವ ಭಾಷೆಯಲ್ಲಂತೂ ಇಂಥ ಸ್ವರಗಳಿಗೆ ಹ್ರಸ್ವ, ದೀರ್ಘ ಎರಡೂ ಉಂಟು.

● ಥಾಯ್ಲೆಂಡಿನ ಅಧಿಕೃತ ರೋಮನ್ ಬರಹ ಹ್ರಸ್ವ–ದೀರ್ಘ ತೋರಿಸುವುದಿಲ್ಲ, ದನಿಯನ್ನೂ ಗುರುತಿಸುವುದಿಲ್ಲ. ಮೇಲೆ ಹೇಳಿದ ‘ಖವ್’, ‘ಖಾವ್’ ಎರಡಕ್ಕೂ ಅದರಲ್ಲಿ ಒಂದೇ ಕಾಗುಣಿತ. ಆದ್ದರಿಂದ ಥಾಯ್ ಕಲಿಯುವ ಆಸೆಯಿದ್ದರೆ ರೋಮನ್ ಅಕ್ಷರ ನಂಬಬೇಡಿ. ಮೊದಲ ದಿನದಿಂದಲೇ ಥಾಯ್ ಲಿಪಿ ಹಿಡಿಯಿರಿ, ಹ್ರಸ್ವ–ದೀರ್ಘ ಜೋಡಿಗಳನ್ನು ಗಟ್ಟಿಯಾಗಿ ಓದಿ.